ಹಳೆಯ ಡೀಸೆಲ್ ಜೀಪು: ಚಾಲೂ ಮಾಡುವ ಕ್ರಮ, ನಡೆಸುವ ವಿಧಾನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ನಮ್ಮ ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಇಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು, ದಾರಿಗಳು ಬಗೆಬಗೆ. ಹಿರಿಯೂರಿನ ಕಪ್ಪು ನೆಲ, ಹೊಸದುರ್ಗದ ಕೆಂಪು ಮಣ್ಣಿನ ದಿಣ್ಣೆ, ಹೊಳಲ್ಕೆರೆಯ ಅಡಿಕೆ ತೋಟಗಳ ತಗ್ಗು, ಚಿತ್ರದುರ್ಗದ ಕಲ್ಲು ಗುಡ್ಡಗಳ ಬುಡದ ಹಾದಿ, ಇವೆಲ್ಲವನ್ನೂ ಒಂದೇ ದಿನದಲ್ಲಿ ದಾಟಬೇಕಾದ ರೈತರಿದ್ದಾರೆ. ಇಂತಹವರ ಮನೆಗಳಲ್ಲಿ ಇಂದಿಗೂ ನಾಲ್ಕು ಚಕ್ರಗಳಿಗೂ ಎಳೆತವಿರುವ ಹಳೆಯ ಡೀಸೆಲ್ ಜೀಪುಗಳು ಉಳಿದುಕೊಂಡಿವೆ. ಈರುಳ್ಳಿ ಚೀಲ, ತೆಂಗಿನಕಾಯಿ, ಗೊಬ್ಬರ, ಪಂಪುಸೆಟ್ಟು ಸಾಗಿಸಲು ಅವು ಬೇಕು. ರಾತ್ರಿ ವೇಳೆ ಹೆರಿಗೆಗೋ ಹಾವು ಕಡಿತಕ್ಕೋ ಆಸ್ಪತ್ರೆಗೆ ಹೊರಡಬೇಕಾದಾಗ ಊರಿನವರು ಮೊದಲು ಬಾಗಿಲು ಬಡಿಯುವುದೂ ಜೀಪಿನ ಮನೆಯದೇ. ಆ ಹೊತ್ತಿನಲ್ಲಿ ಜೀಪು ಚಾಲೂ ಆಗದಿದ್ದರೆ, ಅಥವಾ ಹಳ್ಳದ ನಡುವೆ ನಿಂತುಬಿಟ್ಟರೆ, ಆಗುವ ನಷ್ಟವನ್ನು ಹಣದಲ್ಲಿ ಲೆಕ್ಕ ಹಾಕಲಾಗದು.

ಜೀಪಿಗೂ ಕೃಷಿ ವಿಸ್ತರಣೆಗೂ ಹಳೆಯ ನಂಟು. ಮಹೀಂದ್ರ ಸಂಸ್ಥೆ 1947ರಿಂದ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಜಾರಿಗೆ ಬಂದಮೇಲೆ ಬ್ಲಾಕ್ ಕಚೇರಿಯ ಜೀಪು ಹಳ್ಳಿಗರಿಗೆ ಪರಿಚಿತವಾಯಿತು. ಆಗಿನವು ಪೆಟ್ರೋಲ್ ಜೀಪುಗಳು. ಎಪ್ಪತ್ತರ ದಶಕದಲ್ಲಿ ತೈಲ ಬೆಲೆ ಏರಿದ ಮೇಲೆ ಡೀಸೆಲ್ ಎಂಜಿನ್ನಿನವು ಹೆಚ್ಚಿದವು. ಪ್ಯೂಜೋ ಮಾದರಿಯ 2112 ಘನ ಸೆಂ.ಮೀ. ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಮುಂತಾದವು ನಮ್ಮ ಭಾಗದಲ್ಲಿ ಬಹಳ ಓಡಿದವು. ಹಿಂದೆ ಇಂತಹ ಜೀಪುಗಳು ಸರ್ಕಾರಿ ಹರಾಜಿನಲ್ಲಿ ರೈತರ ಕೈಸೇರುತ್ತಿದ್ದವು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಗುಜರಿಗೆ ಹೋಗಬೇಕೆಂಬ ನಿಯಮ ಬಂದಿರುವುದರಿಂದ ಆ ದಾರಿ ಮುಚ್ಚಿದೆ. ಆದ್ದರಿಂದ ಈಗ ಕೈಯಲ್ಲಿರುವ ಜೀಪನ್ನು ಜೋಪಾನವಾಗಿ ಬಳಸುವುದೇ ಲಾಭದಾಯಕ.

ಡೀಸೆಲ್ ಎಂಜಿನ್ ಹೊತ್ತಿಕೊಳ್ಳುವ ಬಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಸಲು ಕಿಡಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ 16ರಿಂದ 22ನೆಯ ಒಂದು ಭಾಗದಷ್ಟು ಜಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಎಂಜಿನ್ನಿನಲ್ಲಿ ಈ ಬಿಸಿ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಕ್ಷಣದಲ್ಲಿ ಚಿಮ್ಮಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು. ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ಸೋರಿ ಬಿಸಿ ಆರಿಹೋಗುತ್ತದೆ. ಎರಡು, ಡೀಸೆಲ್ ಗಾಳಿಗುಳ್ಳೆಗಳಿಲ್ಲದೆ ಬರಬೇಕು. ಮೂರು, ಸಿಲಿಂಡರು ತೀರಾ ತಣ್ಣಗಿರಬಾರದು. ಚಾಲೂ ಆಗದ ಜೀಪಿನಲ್ಲಿ ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ನೋಡಿದರೆ ಸಾಕು, ದೋಷ ಬಹುಮಟ್ಟಿಗೆ ಸಿಕ್ಕುತ್ತದೆ.

ಹಳೆಯ ಡೀಸೆಲ್ ಜೀಪುಗಳಲ್ಲಿ ಎರಡು ಬಗೆಯ ಎಂಜಿನ್ನುಗಳಿವೆ. ಒಂದರಲ್ಲಿ ಡೀಸೆಲ್ಲನ್ನು ಮೊದಲು ಪಕ್ಕದ ಸಣ್ಣ ಕೋಣೆಗೆ ಚಿಮ್ಮಿಸಲಾಗುತ್ತದೆ. ಇದು ಪರೋಕ್ಷ ಬಗೆ. ಸಣ್ಣ ಕೋಣೆಯ ಗೋಡೆ ಬಿಸಿಯನ್ನು ಬೇಗ ಹೀರುವುದರಿಂದ ಇದಕ್ಕೆ ಹೀಟರ್ ಪ್ಲಗ್ಗಿನ ಸಹಾಯ ಬೇಕು. ಪ್ಯೂಜೋ ಮಾದರಿಯ ಎಂಜಿನ್ ಈ ಜಾತಿಯದು. ಇನ್ನೊಂದರಲ್ಲಿ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಚಿಮ್ಮಿಸಲಾಗುತ್ತದೆ. ಡಿ.ಐ. ಎಂದು ಹೆಸರಿರುವ ಈ ಬಗೆಯ ಎಂಜಿನ್ನುಗಳು ನಮ್ಮ ಹವೆಯಲ್ಲಿ ಸಾಮಾನ್ಯವಾಗಿ ಹೀಟರ್ ಇಲ್ಲದೆಯೇ ಚಾಲೂ ಆಗುತ್ತವೆ. ನಿಮ್ಮ ಜೀಪು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ.

ಚಾಲೂ ಮಾಡುವ ಮುನ್ನ

ಪ್ರತಿದಿನ ಮುಂಜಾನೆ ಐದು ನಿಮಿಷ ಈ ಕೆಳಗಿನವುಗಳಿಗೆ ಮೀಸಲಿಡಬೇಕು.

1. ಜೀಪಿನ ಕೆಳಗೆ ನೆಲವನ್ನು ನೋಡಿ. ನೀರು, ಆಯಿಲ್, ಡೀಸೆಲ್, ಬ್ರೇಕ್ ದ್ರವ ಇವುಗಳಲ್ಲಿ ಯಾವುದರ ಕಲೆ ಬಿದ್ದಿದ್ದರೂ ಕಾರಣ ಹುಡುಕಿದ ಮೇಲೆಯೇ ಹೊರಡಬೇಕು.

2. ಸಮತಟ್ಟಾದ ನೆಲದಲ್ಲಿ ಕಡ್ಡಿ ಹಾಕಿ ಎಂಜಿನ್ ಆಯಿಲ್ ನೋಡಿ. ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ಮೀರಿ ತುಂಬಿಸುವುದೂ ತಪ್ಪೇ.

3. ಎಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡಿ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ನಮ್ಮ ಜಿಲ್ಲೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಭಟ್ಟಿ ಇಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕುವುದು ಉತ್ತಮ. ಅದು ಸಿಗದಾಗ ಸೋಸಿದ ಮಳೆನೀರು ಬಳಸಬಹುದು.

4. ಎಂಜಿನ್ ನಿಂತಿರುವಾಗಲೇ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. 10ರಿಂದ 15 ಮಿ.ಮೀ. ಬಗ್ಗಿದರೆ ಸರಿ.

5. ಬ್ರೇಕ್ ಪೆಡಲನ್ನು ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ವಾಹನವನ್ನು ಹೊರಗೆ ತರಬಾರದು.

6. ಬ್ಯಾಟರಿಯ ಕೊಂಡಿಗಳು ಬಿಗಿಯಾಗಿರಲಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಬೇಕು. ಪೂರ್ತಿ ತುಂಬಿದ 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ.

ಚಾಲೂ ಮಾಡುವ ಕ್ರಮ

ಮೊದಲು ಕೈಬ್ರೇಕು ಎಳೆಯಿರಿ. ಗೇರು ನ್ಯೂಟ್ರಲ್‌ನಲ್ಲಿರಲಿ. ನಿಲ್ಲಿಸುವ ಗುಂಡಿ ಪೂರ್ತಿ ಒಳಗೆ ತಳ್ಳಿದೆಯೇ ನೋಡಿ. ಇದು ಹೊರಗೆ ಎಳೆದೇ ಉಳಿದಿದ್ದರೆ ಡೀಸೆಲ್ ಹೋಗುವುದಿಲ್ಲ. ಬ್ಯಾಟರಿ ಬರಿದಾಗುವವರೆಗೂ ತಿರುಗಿಸಿದರೂ ಎಂಜಿನ್ ಏಳದು.

ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಕೀಲಿಯನ್ನು ಹೀಟರ್ ಸ್ಥಾನಕ್ಕೆ ತಿರುಗಿಸಿ ಹಿಡಿಯಬೇಕು. ಬೇಸಿಗೆಯಲ್ಲಿ 10ರಿಂದ 15 ಸೆಕೆಂಡು ಸಾಕು. ಡಿಸೆಂಬರ್-ಜನವರಿಯ ಚಳಿ ಮುಂಜಾನೆಗೆ 20ರಿಂದ 30 ಸೆಕೆಂಡು ಬೇಕಾಗಬಹುದು. ನಂತರ ಕ್ಲಚ್ ಒತ್ತಿ, ಆಕ್ಸಿಲರೇಟರನ್ನು ಅರ್ಧದಷ್ಟು ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಕ್ಲಚ್ ಒತ್ತುವುದರಿಂದ ಗೇರು ಪೆಟ್ಟಿಗೆಯ ಗಟ್ಟಿ ಆಯಿಲ್ಲನ್ನು ತಿರುಗಿಸುವ ಭಾರ ಸ್ಟಾರ್ಟರಿಗೆ ತಪ್ಪುತ್ತದೆ.

ಸ್ಟಾರ್ಟರನ್ನು ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ಏಳದಿದ್ದರೆ ಒಂದು ನಿಮಿಷ ಬಿಟ್ಟು, ಮತ್ತೆ ಹೀಟರ್ ಕಾಯಿಸಿ ಪ್ರಯತ್ನಿಸಬೇಕು. ಮೂರು ಸಲಕ್ಕೂ ಏಳದಿದ್ದರೆ ನಾಲ್ಕನೆಯದು ಬೇಡ, ಕಾರಣ ಹುಡುಕಿ.

ಎಂಜಿನ್ ಎದ್ದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಆಯಿಲ್ ಒತ್ತಡದ ದೀಪ ನೋಡಿ. ಕೆಲವೇ ಸೆಕೆಂಡುಗಳಲ್ಲಿ ಅದು ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಿ. ತಣ್ಣನೆಯ ಎಂಜಿನ್ನನ್ನು ಮೊರೆಯಿಸುವುದರಿಂದ ಬೇರಿಂಗುಗಳು ಸವೆಯುತ್ತವೆ. ಕಾಲು ಗಂಟೆ ನಿಂತಲ್ಲೇ ಓಡಿಸುವುದೂ ಡೀಸೆಲ್ ದಂಡ. ಎರಡು ಮೂರು ನಿಮಿಷ ಬಿಟ್ಟು, ಮೊದಲ ಎರಡು ಕಿ.ಮೀ. ನಿಧಾನವಾಗಿ ಓಡಿಸಿದರೆ ಸಾಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯ ವಿಷಾನಿಲ ಜನರಿಗೂ ದನಗಳಿಗೂ ಅಪಾಯ.

ಚಾಲೂ ಆಗದಿದ್ದರೆ

ಕಿವಿಯಿಂದ ಸ್ಟಾರ್ಟರನ್ನೂ ಕಣ್ಣಿನಿಂದ ಹೊಗೆ ಕೊಳವೆಯನ್ನೂ ಗಮನಿಸಿ.

ಸ್ಟಾರ್ಟರ್ ಕೊಸರಾಡುತ್ತ ನಿಧಾನವಾಗಿ ತಿರುಗಿದರೆ ದೋಷ ವಿದ್ಯುತ್ತಿನದು. ಬ್ಯಾಟರಿ, ಕೊಂಡಿ ಹಾಗೂ ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯನ್ನು ನೋಡಬೇಕು. ಹಳೆಯ ಜೀಪುಗಳಲ್ಲಿ ಈ ಪಟ್ಟಿ ತುಕ್ಕು ಹಿಡಿದು ಹೊಸ ಬ್ಯಾಟರಿಯನ್ನೂ ದಂಡ ಮಾಡಿಸುತ್ತದೆ.

ಸ್ಟಾರ್ಟರ್ ಚುರುಕಾಗಿ ತಿರುಗಿಯೂ ಹೊಗೆ ಸ್ವಲ್ಪವೂ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪಿಲ್ಲ. ನಿಲ್ಲಿಸುವ ಗುಂಡಿ, ಟ್ಯಾಂಕು, ಫಿಲ್ಟರು, ಕೊಳವೆಯಲ್ಲಿನ ಗಾಳಿ ಇವನ್ನು ಪರೀಕ್ಷಿಸಿ.

ಚುರುಕಾಗಿ ತಿರುಗಿ ಬಿಳಿ ಹೊಗೆ ಬಂದು ಎಂಜಿನ್ ಏಳದಿದ್ದರೆ ಡೀಸೆಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೀಟರ್ ಪ್ಲಗ್ಗು ಸುಟ್ಟಿರಬಹುದು ಅಥವಾ ಎಂಜಿನ್ನಿನ ಒತ್ತುವ ಶಕ್ತಿ ಕುಂದಿರಬಹುದು.

ಎದ್ದು ಅರ್ಧ ನಿಮಿಷದಲ್ಲಿ ನಿಂತರೆ ಫಿಲ್ಟರು ಕಟ್ಟಿದೆ, ಗಾಳಿ ಎಳೆಯುತ್ತಿದೆ ಅಥವಾ ಟ್ಯಾಂಕಿನ ಗಾಳಿರಂಧ್ರ ಮುಚ್ಚಿದೆ.

ಕೆಲವೆಡೆ ಗಾಳಿ ಕೊಳವೆಯ ಬಾಯಿಗೆ ಉರಿಯುವ ಬಟ್ಟೆ ಹಿಡಿದು ಅಥವಾ ಈಥರ್ ಸಿಂಪಡಿಸಿ ಎಂಜಿನ್ ಎಬ್ಬಿಸುವ ರೂಢಿಯಿದೆ. ಇದನ್ನು ಕೈಬಿಡಬೇಕು. ಕಾದ ಹೀಟರ್ ಪ್ಲಗ್ಗಿಗೆ ಈಥರ್ ತಗುಲಿದರೆ ಸ್ಫೋಟವಾಗಿ ಪಿಸ್ಟನ್ ಒಡೆಯಬಹುದು, ಮುಖ ಸುಡಬಹುದು.

ಡೀಸೆಲ್ ಕೊಳವೆಯ ಗಾಳಿ ತೆಗೆಯುವುದು

ಟ್ಯಾಂಕು ಬರಿದಾದಾಗ ಅಥವಾ ಫಿಲ್ಟರು ಬದಲಿಸಿದಾಗ ಕೊಳವೆಗೆ ಗಾಳಿ ಸೇರುತ್ತದೆ. ಪಂಪುಸೆಟ್ಟಿನ ಡೀಸೆಲ್ ಎಂಜಿನ್ ಬಳಸಿದ ರೈತರಿಗೆ ಇದು ಹೊಸ ಕೆಲಸವಲ್ಲ.

ಟ್ಯಾಂಕಿಗೆ ಡೀಸೆಲ್ ಹಾಕಿ. ಫಿಲ್ಟರಿನ ತಲೆಯ ಮೇಲಿನ ಗಾಳಿ ತಿರುಪನ್ನು ಎರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಹಿಡಿಯನ್ನು ಒತ್ತುತ್ತಿರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಆಗ ಒತ್ತುತ್ತಲೇ ತಿರುಪು ಬಿಗಿಮಾಡಿ. ಇದೇ ರೀತಿ ಇಂಜೆಕ್ಷನ್ ಪಂಪಿನ ಗಾಳಿ ತಿರುಪಿನಲ್ಲೂ ಮಾಡಿ. ಇಷ್ಟಕ್ಕೂ ಏಳದಿದ್ದರೆ ಎರಡು ಇಂಜೆಕ್ಟರುಗಳ ಕೊಳವೆ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸ್ಟಾರ್ಟರ್ ತಿರುಗಿಸಿ, ಡೀಸೆಲ್ ಒಸರಿದ ಮೇಲೆ ಬಿಗಿಮಾಡಬೇಕು. ಚೆಲ್ಲಿದ ಡೀಸೆಲ್ಲನ್ನು ಒರೆಸಿ.

ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ಲಿಗೆ ಪ್ರತಿ ಚದರ ಸೆಂ.ಮೀ.ಗೆ ನೂರು ಕಿಲೋ ಮೀರಿದ ಒತ್ತಡವಿರುತ್ತದೆ. ಅದು ಚರ್ಮ ತೂರಿ ಒಳಹೋಗಬಲ್ಲದು. ಕೈ ಒಡ್ಡಿ ಸೋರಿಕೆ ಹುಡುಕಬಾರದು. ರಟ್ಟಿನ ತುಂಡು ಹಿಡಿದು ನೋಡಿ. ಒಮ್ಮೆ ಚರ್ಮದೊಳಗೆ ಸೇರಿದರೆ ಗಾಯ ಸಣ್ಣದಾಗಿ ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ತಳ್ಳಿ ಚಾಲೂ ಮಾಡುವುದು

ಕೈಯಿಂದ ಎಳೆಯುವ ನಿಲ್ಲಿಸುವ ಗುಂಡಿ ಇರುವ ಹಳೆಯ ಎಂಜಿನ್ನಿಗೆ ಒಮ್ಮೆ ಎದ್ದ ಮೇಲೆ ಓಡಲು ವಿದ್ಯುತ್ ಬೇಕಿಲ್ಲ. ಬ್ಯಾಟರಿ ಸತ್ತಿದ್ದರೂ ತಳ್ಳಿ ಎಬ್ಬಿಸಬಹುದು. ಎರಡನೆಯ ಅಥವಾ ಮೂರನೆಯ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಜೀಪು ವೇಗ ಪಡೆದಾಗ ಕ್ಲಚ್ ಬಿಡಬೇಕು. ತಳ್ಳುವವರು ಹಿಂದೆ ಮಾತ್ರ ಇರಲಿ, ಮುಂದೆ ಯಾರೂ ನಿಲ್ಲಬಾರದು.

ಇಳಿಜಾರಿನಲ್ಲಿ ಉರುಳಿಸಿ ಎಬ್ಬಿಸುವವರು ಒಂದು ವಿಷಯ ತಿಳಿದಿರಬೇಕು. ಬ್ರೇಕ್ ಬೂಸ್ಟರ್ ಇರುವ ಡೀಸೆಲ್ ಜೀಪುಗಳಲ್ಲಿ ಅದಕ್ಕೆ ನಿರ್ವಾತ ಒದಗಿಸುವುದು ಎಂಜಿನ್ನಿನಿಂದ ತಿರುಗುವ ಸಣ್ಣ ಪಂಪು. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಸಹಾಯ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ಇಳಿಜಾರು ಇಳಿಯುವುದು ಪ್ರಾಣಕ್ಕೆ ಕುತ್ತು.

ನಿಲ್ಲಿಸುವುದು

ದೂರ ಓಡಿ ಬಂದ ಎಂಜಿನ್ನನ್ನು ಒಂದು ನಿಮಿಷ ನಿಧಾನ ಓಟದಲ್ಲಿ ಬಿಟ್ಟು ಗುಂಡಿ ಎಳೆದು ನಿಲ್ಲಿಸಿ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಕೊಂಡಿ ಕಳಚಿದರೆ ಆಲ್ಟರ್ನೇಟರ್ ಸುಡುತ್ತದೆ. ಗುಂಡಿಯ ತಂತಿ ತುಂಡಾಗಿದ್ದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟರೆ ಎಂಜಿನ್ ನಿಲ್ಲುತ್ತದೆ. ಅಪರೂಪಕ್ಕೆ ಎಂಜಿನ್ ತನ್ನದೇ ಆಯಿಲ್ಲನ್ನು ಹೀರಿ ಹುಚ್ಚೆದ್ದು ಓಡುವುದುಂಟು. ಆಗಲೂ ಇದೇ ಉಪಾಯ. ಇಲ್ಲವೇ ಗಾಳಿ ಕೊಳವೆಯ ಬಾಯಿಗೆ ಹಲಗೆ ಒತ್ತಿ ಮುಚ್ಚಬೇಕು. ಕೈಯಿಂದ ಮುಚ್ಚಬಾರದು.

ಅನೇಕ ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳಿಗಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೆ ಡಿಫರೆನ್ಷಿಯಲ್‌ನಿಂದಾಗಿ ನೆಲದ ಮೇಲಿನ ಚಕ್ರ ಉರುಳಬಲ್ಲದು, ಜೀಪು ಜಾಕಿನಿಂದ ಜಾರಬಹುದು. ಆದ್ದರಿಂದ ಚಕ್ರ ಬಿಚ್ಚುವಾಗ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡುವುದು ಕಡ್ಡಾಯ.

ನಾಲ್ಕು ಚಕ್ರದ ಎಳೆತ ಎಲ್ಲಿ ಬೇಕು, ಎಲ್ಲಿ ಬೇಡ

ಹಳೆಯ ಜೀಪಿನಲ್ಲಿ ಮುಖ್ಯ ಗೇರಿನ ಜೊತೆಗೆ ಎರಡು ಸಣ್ಣ ಸನ್ನೆಗಳಿವೆ. ಒಂದು ಮುಂದಿನ ಚಕ್ರಗಳಿಗೆ ಎಳೆತ ಕೊಡುತ್ತದೆ. ಇನ್ನೊಂದು ವೇಗದ ಅಥವಾ ನಿಧಾನದ ಸಾಲನ್ನು ಆರಿಸುತ್ತದೆ. ಯಾವುದನ್ನು ಯಾವ ಕಡೆಗೆ ಹಾಕಬೇಕೆಂಬ ಚಿತ್ರ ಡ್ಯಾಶ್ ಬೋರ್ಡಿನ ತಗಡಿನ ಮೇಲಿರುತ್ತದೆ. ನಿಧಾನದ ಸಾಲಿನಲ್ಲಿ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಇಳಿದು ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಇಷ್ಟು ಬಲವನ್ನು ಹಿಂದಿನ ಆಕ್ಸಲ್ ಒಂದೇ ಹೊರಬಾರದು. ಆದ್ದರಿಂದ ಮೊದಲು ಮುಂದಿನ ಎಳೆತ, ನಂತರ ನಿಧಾನದ ಸಾಲು. ಬಿಡಿಸುವಾಗ ಮೊದಲು ವೇಗದ ಸಾಲಿಗೆ ತಂದು ಆಮೇಲೆ ಮುಂದಿನ ಎಳೆತ ಬಿಡಿಸಬೇಕು. ಸಾಲು ಬದಲಿಸುವಾಗ ಜೀಪು ನಿಂತಿರಲಿ. ಮುಂದಿನ ಚಕ್ರಗಳಿಗೆ ಬೀಗದ ಹಬ್ ಇದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಕು.

ಎರಡನೆಯ ಸನ್ನೆ ನಡುವೆ ನ್ಯೂಟ್ರಲ್‌ನಲ್ಲಿ ನಿಂತರೆ ಮುಖ್ಯ ಗೇರು ಹಾಕಿದ್ದರೂ ಜೀಪು ಉರುಳುತ್ತದೆ. ಇಳಿಜಾರಿನಲ್ಲಿ ಜೀಪು ಬಿಟ್ಟು ಹೋಗುವ ಮುನ್ನ ಇದನ್ನು ನೋಡುವುದು ಅವಶ್ಯ.

ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತ ಹಾಕಬಾರದು. ಕಾರಣ ಸರಳ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಓಡುತ್ತವೆ. ಆಕ್ಸಲ್‌ಗಳ ನಡುವಿನ ಅಂತರ 2.3 ಮೀ. ಇರುವ ಜೀಪಿನ ಮುಂದಿನ ಚಕ್ರ 6 ಮೀ. ತ್ರಿಜ್ಯದಲ್ಲಿ ಒಂದು ಪೂರ್ತಿ ಸುತ್ತು ಬಂದರೆ ಸುಮಾರು 37.7 ಮೀ. ಓಡುತ್ತದೆ. ಹಿಂದಿನದು ಸುಮಾರು 34.8 ಮೀ. ಓಡುತ್ತದೆ. ಈ 3 ಮೀಟರಿನಷ್ಟು ವ್ಯತ್ಯಾಸವನ್ನು ಮಣ್ಣಿನ ದಾರಿಯಲ್ಲಿ ಚಕ್ರ ಕೊಂಚ ಜಾರಿ ಸರಿಪಡಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲಾರದು. ಆಗ ಶಾಫ್ಟು, ಗೇರುಗಳು ಹಗ್ಗದಂತೆ ಹುರಿಗೊಳ್ಳುತ್ತವೆ, ಟೈರು ಸವೆಯುತ್ತದೆ, ಸನ್ನೆ ಸಿಕ್ಕಿಕೊಳ್ಳುತ್ತದೆ. ಸನ್ನೆ ಸಿಕ್ಕಿಕೊಂಡರೆ ಬಲವಂತ ಬೇಡ. ನಾಲ್ಕಾರು ಮೀಟರು ನೇರವಾಗಿ ಹಿಂದಕ್ಕೆ ಓಡಿಸಿದರೆ ಹುರಿ ಬಿಚ್ಚಿ ಸಡಿಲವಾಗುತ್ತದೆ.

ಕಪ್ಪು ಮಣ್ಣಿನಲ್ಲಿ

ಒಣಗಿದ ಎರೆಭೂಮಿ ಕಲ್ಲಿನಂತೆ, ನೆನೆದರೆ ಬೆಣ್ಣೆಯಂತೆ. ಮಳೆ ಬಿದ್ದ ಅರ್ಧ ಗಂಟೆಯಲ್ಲಿ ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿ ಚಕ್ರ ನುಣುಪಾಗುತ್ತದೆ. ಆಗ ನಾಲ್ಕು ಚಕ್ರದ ಎಳೆತವೂ ಹೆಚ್ಚು ಉಪಯೋಗಕ್ಕೆ ಬಾರದು. ಸಾಧ್ಯವಿದ್ದರೆ ಕಾಯುವುದೇ ಲೇಸು. ಹೋಗಲೇಬೇಕಾದರೆ ಕೆಸರು ತಲುಪುವ ಮೊದಲೇ ಮುಂದಿನ ಎಳೆತ ಹಾಕಿ, ಎರಡನೆಯ ಗೇರಿನಲ್ಲಿ ಒಂದೇ ವೇಗದಿಂದ ನಡುವೆ ನಿಲ್ಲದೆ ಹೋಗಬೇಕು. ಚಕ್ರ ಸುಮ್ಮನೆ ತಿರುಗತೊಡಗಿದರೆ ಕೂಡಲೇ ಕಾಲು ತೆಗೆಯಿರಿ. ತಿರುಗಿದಷ್ಟೂ ಜೀಪು ಹೊಟ್ಟೆಯವರೆಗೆ ಹೂಳುತ್ತದೆ.

ಸಿಕ್ಕಿಬಿದ್ದಾಗ ಚಕ್ರದ ಮುಂದಿನ ಮಣ್ಣು ತೋಡಿ ತೆಂಗಿನ ಗರಿ, ಗೋಣಿಚೀಲ ಅಥವಾ ರಾಗಿ ಹುಲ್ಲು ಹಾಸಿ, ನಿಧಾನದ ಸಾಲಿನಲ್ಲಿ ಮೆಲ್ಲನೆ ಎಳೆಸಬೇಕು. ಕೈಗೆ ಸಿಕ್ಕ ಜಾಲಿ ಕೊಂಬೆ ಹಾಸಿದರೆ ಟೈರು ತೂತಾಗುವುದು ಖಂಡಿತ. ಟೈರಿನ ಗಾಳಿಯನ್ನು ಕಾಲು ಭಾಗದಷ್ಟು ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಆದರೆ ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ತುಂಡಾದ ಹಗ್ಗ ಚಾಟಿಯಂತೆ ಬೀಸುತ್ತದೆ.

ಬೇಸಾಯದ ದೃಷ್ಟಿಯಿಂದಲೂ ಒಂದು ಮಾತು ಹೇಳಬೇಕು. ಹಸಿ ನೆಲದಲ್ಲಿ ಜೀಪು ಓಡಿಸಿದರೆ ಚಕ್ರದಡಿಯ ಮಣ್ಣಿನ ಕಣಗಳು ಒತ್ತಾಗಿ ಗಾಳಿ-ನೀರಿನ ಸಂದುಗಳು ಮುಚ್ಚುತ್ತವೆ. ಆ ಜಾಡಿನಲ್ಲಿ ಮಳೆನೀರು ಇಂಗದೆ ಹರಿಯುತ್ತದೆ, ಬೇರು ಆಳಕ್ಕಿಳಿಯದು. ಹನಿ ಮಳೆಯನ್ನೂ ಹಿಡಿದಿಡಬೇಕಾದ ನಮ್ಮ ವಲಯದಲ್ಲಿ ಇದು ಸಣ್ಣ ನಷ್ಟವಲ್ಲ. ಹೊಲದ ಅಂಚಿನಲ್ಲಿ ಒಂದೇ ಜಾಡು ಗೊತ್ತುಮಾಡಿ ಅಲ್ಲಿಂದಲೇ ಗೊಬ್ಬರ, ಬೀಜ ಹೊರಿಸುವುದು ಜಾಣತನ.

ನೀರು ದಾಟುವಾಗ

ಬರದ ಸೀಮೆಯ ಚಾಲಕನಿಗೆ ಹರಿಯುವ ನೀರಿನ ಅಭ್ಯಾಸ ಕಡಿಮೆ. ಅಪಾಯವಿರುವುದು ಇಲ್ಲಿಯೇ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷಗಳಲ್ಲಿ ಮೂರು ತಲೆಮಾರು ಕಳೆದವು. ಒಣಗಿದ್ದನ್ನೇ ನೋಡಿ ಬೆಳೆದವರಿಗೆ ತುಂಬಿದ ವೇದಾವತಿಯ ಬಲ ಅಂದಾಜಿಗೆ ಸಿಗದು.

ಹರಿಯುವ ನೀರು 30 ಸೆಂ.ಮೀ. ಇದ್ದರೂ ಸಣ್ಣ ಕಾರನ್ನು ಸರಿಸಬಲ್ಲದು. 60 ಸೆಂ.ಮೀ. ಆದರೆ ಜೀಪಿನಂತಹ ವಾಹನವನ್ನೂ ಕೊಚ್ಚಿಕೊಂಡು ಹೋಗಬಲ್ಲದು. ನಾಲ್ಕು ಚಕ್ರದ ಎಳೆತ ಇಲ್ಲಿ ಕಾಪಾಡದು. ಚಕ್ರವೇ ನೆಲ ಬಿಟ್ಟ ಮೇಲೆ ಎಳೆತ ಎಲ್ಲಿಂದ? ತಗ್ಗು ಸೇತುವೆಯ ಮೇಲೆ ನೀರು ರಭಸದಿಂದ ಹರಿಯುತ್ತಿದ್ದರೆ ಎಷ್ಟೇ ತುರ್ತಿದ್ದರೂ ಕಾಯಬೇಕು, ಇಲ್ಲವೇ ಸುತ್ತು ದಾರಿ ಹಿಡಿಯಬೇಕು.

ನಿಂತ ಅಥವಾ ಮೆಲ್ಲನೆ ಹರಿಯುವ ನೀರನ್ನು ಮೊದಲು ಕೋಲು ಹಿಡಿದು ಆಳ ನೋಡಿ. ಚಕ್ರದ ಅರ್ಧ ಎತ್ತರ ಮೀರಿದರೆ ಇಳಿಯಬೇಡಿ. ಇಳಿಯುವಾಗ ನಿಧಾನದ ಸಾಲು, ಮೊದಲ ಅಥವಾ ಎರಡನೆಯ ಗೇರು, ನಡೆಯುವ ವೇಗ ಇರಲಿ. ರಭಸದಿಂದ ನುಗ್ಗಿದರೆ ಫ್ಯಾನು ನೀರನ್ನು ಎಂಜಿನ್ನಿನ ಮೇಲೆಲ್ಲ ಎರಚುತ್ತದೆ. ಗಾಳಿ ಕೊಳವೆಗೆ ನೀರು ಹೊಕ್ಕರೆ ಎಂಜಿನ್ನಿನ ಕಥೆ ಮುಗಿದಂತೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಮೇಲೇರುವ ಪಿಸ್ಟನ್ನಿಗೆ ನೀರು ಅಡ್ಡ ಬಂದರೆ ಕನೆಕ್ಟಿಂಗ್ ರಾಡು ಬಗ್ಗುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟರ್ ತಿರುಗಿಸದೆ ಹೊರಗೆಳೆಸಿ ಮೆಕ್ಯಾನಿಕ್‌ಗೆ ತೋರಿಸಬೇಕು.

ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ಒತ್ತಿ ಹಿಡಿದು ನೂರು ಮೀಟರು ಓಡಿಸಿ ಡ್ರಮ್ಮುಗಳನ್ನು ಒಣಗಿಸಿ. ಆಕ್ಸಲ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಎಂದು ತಿಳಿದು ಬದಲಿಸಬೇಕು.

ಏರು, ಇಳಿಜಾರು ಮತ್ತು ಹೇರು

ಏರುವ ಮುನ್ನವೇ ತಕ್ಕ ಗೇರು ಹಾಕಿಕೊಳ್ಳಿ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ಒಳ್ಳೆಯ ನಿಯಮ. ದಿಣ್ಣೆಯನ್ನು ನೇರವಾಗಿ ಏರಿ ನೇರವಾಗಿ ಇಳಿಯಬೇಕು. ಅಡ್ಡಲಾಗಿ ಸಾಗಿದರೆ ಎತ್ತರದ ಮೈಯ ಜೀಪು ಸುಲಭವಾಗಿ ಮಗುಚುತ್ತದೆ. ಅರ್ಧ ಏರಿನಲ್ಲಿ ಎಂಜಿನ್ ನಿಂತರೆ ತಿರುಗಿಸಲು ಹೋಗದೆ, ಬ್ರೇಕ್ ಹಿಡಿದು, ಚಾಲೂ ಮಾಡಿ, ರಿವರ್ಸ್ ಗೇರಿನಲ್ಲಿಯೇ ನೇರವಾಗಿ ಕೆಳಗಿಳಿಯಬೇಕು.

ತೆಂಗಿನಕಾಯಿ, ಮೆಕ್ಕೆಜೋಳದ ಚೀಲಗಳನ್ನು ಎತ್ತರಕ್ಕೆ ಪೇರಿಸಿದಷ್ಟೂ ಮಗುಚುವ ಸಂಭವ ಹೆಚ್ಚು. ಹೇರು ತಳದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಲಿ. ಹೇರಿನ ಮೇಲೆ ಆಳುಗಳನ್ನು ಕೂರಿಸುವುದು ಬೇಡವೇ ಬೇಡ.

ಧೂಳು, ಡೀಸೆಲ್ ಮತ್ತು ಬೆಂಕಿ

ಆಷಾಢದ ಗಾಳಿಯಲ್ಲಿ ನಮ್ಮ ದಾರಿಗಳ ಧೂಳು ಎಂಜಿನ್ನಿಗೆ ಮರಳು ಕಾಗದವಿದ್ದಂತೆ. ಆಯಿಲ್ ತೊಟ್ಟಿಯ ಗಾಳಿ ಶೋಧಕವಿದ್ದರೆ ಬೇಸಿಗೆ ಮತ್ತು ಗಾಳಿ ಕಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ ನೋಡಿ. ತಳದಲ್ಲಿ ಒಂದು ಸೆಂ.ಮೀ.ನಷ್ಟು ಕೆಸರು ಕೂತಿದ್ದರೆ ತೊಳೆದು, ಗುರುತಿನವರೆಗೆ ಹೊಸ ಆಯಿಲ್ ಹಾಕಬೇಕು. ಗುರುತು ಮೀರಿದರೆ ಎಂಜಿನ್ ಆಯಿಲ್ಲನ್ನು ಹೀರುತ್ತದೆ. ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೆ ಶೋಧಕವಿದ್ದೂ ಇಲ್ಲದಂತೆ.

ಓಡುವಾಗಿನ ಹೊಗೆಯೂ ಸಂದೇಶ ಕೊಡುತ್ತದೆ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಭಾರ ಹೆಚ್ಚು ಅಥವಾ ಇಂಜೆಕ್ಟರ್ ಕೆಟ್ಟಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಸೇರುತ್ತಿರಬಹುದು.

ಅಗ್ಗವೆಂದು ಸೀಮೆಎಣ್ಣೆ ಬೆರೆಸಬಾರದು. ಇಂಜೆಕ್ಷನ್ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಾರುಕ. ಸೀಮೆಎಣ್ಣೆಯಲ್ಲಿ ಆ ಗುಣ ಕಡಿಮೆ. ಗಾಣದಿಂದ ತಂದ ಹಸಿ ಹೊಂಗೆ ಎಣ್ಣೆಯನ್ನು ನೇರವಾಗಿ ಹಾಕುವುದೂ ಸಲ್ಲದು. ಅದು ಡೀಸೆಲ್ಲಿಗಿಂತ ಬಹಳ ಮಂದವಾದ್ದರಿಂದ ಸರಿಯಾಗಿ ಚಿಮ್ಮದೆ ಇಂಜೆಕ್ಟರಿನ ಮೂತಿಗೆ ಮಸಿ ಕಟ್ಟುತ್ತದೆ. ಹೊಂಗೆಯಿಂದ ರಾಸಾಯನಿಕ ಕ್ರಿಯೆಯ ಮೂಲಕ ತಯಾರಿಸಿದ ಜೈವಿಕ ಡೀಸೆಲ್ ಬೇರೆ, ಗಾಣದ ಎಣ್ಣೆ ಬೇರೆ.

ಸುಗ್ಗಿಯ ಕಾಲದಲ್ಲಿ ಒಣ ಹುಲ್ಲು, ಮೆಕ್ಕೆಜೋಳದ ಕೂಳೆ ಇರುವಲ್ಲಿ ಬಿಸಿ ಹೊಗೆ ಕೊಳವೆಯ ಜೀಪು ನಿಲ್ಲಿಸಬೇಡಿ. ಬಣವೆಗೆ ಬೆಂಕಿ ತಗುಲಲು ಅಷ್ಟೇ ಸಾಕು.

ಕಾಗದಪತ್ರ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಾಹನ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನೋಂದಣಿ, ವಿಮೆ, ಹೊಗೆ ತಪಾಸಣೆ ಪತ್ರ ಇಲ್ಲದ ಜೀಪಿನಿಂದ ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನ ಹೊಲ-ಮನೆಯ ಮೇಲೆ ಬೀಳಬಹುದು. ಹಳೆಯ ಜೀಪು ಕೊಳ್ಳುವವರು ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಬೇಕು.

ನೆನಪಿಡಬೇಕಾದ ಅಂಶಗಳು

• ಹೀಟರ್ ಕಾಯಿಸಿ, ಸ್ಟಾರ್ಟರ್ 10 ಸೆಕೆಂಡು. ಏಳದಿದ್ದರೆ ಒಂದು ನಿಮಿಷ ಬಿಡುವು.
• ಹೊಗೆ ಇಲ್ಲದಿದ್ದರೆ ಡೀಸೆಲ್ ಹುಡುಕಿ; ಬಿಳಿ ಹೊಗೆ ಬಂದರೆ ಬಿಸಿ ಹುಡುಕಿ.
• ಎಂಜಿನ್ ಆರಿಸಿ ಇಳಿಜಾರು ಇಳಿಯಬೇಡಿ.
• ಮೊದಲು ಮುಂದಿನ ಎಳೆತ, ಆಮೇಲೆ ನಿಧಾನದ ಸಾಲು. ಒಣ ಡಾಂಬರಿನಲ್ಲಿ ಎರಡೂ ಬೇಡ.
• ಹಸಿ ಎರೆಹೊಲಕ್ಕೆ ಜೀಪು ಇಳಿಸಬೇಡಿ.
• ರಭಸದ ನೀರಿನ ಮುಂದೆ ನಿಲ್ಲುವುದು ಅಂಜಿಕೆಯಲ್ಲ, ವಿವೇಕ.

ವಿಸ್ತರಣಾ ಕಾರ್ಯಕರ್ತರು ಊರಿನ ಯುವಕರನ್ನು ಮಳೆಗಾಲಕ್ಕೆ ಮುಂಚೆ ಒಂದು ದಿನ ಸೇರಿಸಿ, ಒಂದು ಜೀಪನ್ನು ಮುಂದಿಟ್ಟುಕೊಂಡು ಗಾಳಿ ತೆಗೆಯುವುದನ್ನೂ ಸನ್ನೆಗಳ ಬಳಕೆಯನ್ನೂ ಕೈಯಾರೆ ಮಾಡಿಸಿ ತೋರಿಸಿದರೆ ಒಳ್ಳೆಯದು. ಜೀಪಿನ ಮಾಲೀಕನೊಬ್ಬನಿಗೇ ಈ ವಿದ್ಯೆ ತಿಳಿದಿದ್ದರೆ ಸಾಲದು. ಅವನು ಊರಲ್ಲಿಲ್ಲದ ರಾತ್ರಿಯೂ ಜೀಪು ಹೊರಡಬೇಕಾಗಿ ಬರಬಹುದು.